ತೂಗುಕುರ್ಚಿಯ ತೂಕ

ನಮ್ಮ ವಿಮರ್ಶೆಯ ಪರಿಭಾಷೆಯನ್ನು ಒಂದು ಕಡೆ ರಾಶಿ ಹಾಕಿ ನೋಡಿದರೆ ಅದರಲ್ಲಿ ಹೆಚ್ಚಿನ ಪಾಲು ಕಸುಬುದಾರರ ಮನೆಯಿಂದ ಎರವು ತಂದುದೆಂಬುದು ಯಾರಿಗಾದರೂ ಹೊಳೆಯುತ್ತದೆ. ಕಾದಂಬರಿಯ ಚೌಕಟ್ಟು ದೊಡ್ಡದು, ನಾಟಕದ ಕಟ್ಟು ಬಿಗಿಯಾಗಿದೆ, ಕವಿತೆಯ ಬಂಧ ಸಡಿಲಾಗಿದೆ, ಶೈಲಿ ನಯವಾಗಿದೆ, ಭಾವಕ್ಕೂ ಮಾತಿಗೂ ಬೆಸುಗೆ ಕೂಡಿದೆ ಎಂದು ಬರೆಯುತ್ತೇವೆ. ಚೌಕಟ್ಟು, ನಯ ಬಡಿಗನವು, ಬಿಗಿ, ಸಡಿಲ ಹಗ್ಗ ಹೊಸೆಯುವವನವು, ಬೆಸುಗೆ ಕಮ್ಮಾರನದು. ಎರವು ತರುವುದರಲ್ಲಿ ತಪ್ಪಿಲ್ಲ. ಯಾವ ಭಾಷೆಯ ವಿಮರ್ಶೆಯೂ ಹೀಗೆಯೇ ಬೆಳೆಯುತ್ತದೆ. ಆದರೆ ತಂದ ಮಾತು ತನ್ನ ತವರಿನಲ್ಲಿ ಏನು ಹೇಳುತ್ತಿತ್ತೆಂಬುದನ್ನು ಮರೆತರೆ ಅದು ಬರಿಯ ಸದ್ದಾಗಿ ಉಳಿಯುತ್ತದೆ. ಬಿಗಿ ಎಂದರೇನು ಎಂದು ವಿದ್ಯಾರ್ಥಿ ಕೇಳಿದಾಗ ಅಂಥದೇ ಇನ್ನೊಂದು ಮಾತನ್ನು ಮುಂದೊಡ್ಡಿ ಪಾರಾಗುವ ಅಧ್ಯಾಪಕರು ಕಡಿಮೆಯಿಲ್ಲ.

ಈ ಮಾತುಗಳನ್ನು ಅವುಗಳ ತವರಿಗೆ ಕರೆದೊಯ್ದು ಪರೀಕ್ಷಿಸಬೇಕಾದರೆ ಒಂದು ವಸ್ತು ಬೇಕು. ಕೈಯಿಂದ ಮಾಡಿದ ಮರದ ತೂಗುಕುರ್ಚಿ ಇದಕ್ಕೆ ಒದಗುವಷ್ಟು ಬೇರೊಂದು ಒದಗಲಾರದು. ಮಂಚ, ಮೇಜು, ಕಪಾಟುಗಳು ನಿಂತು ಕೆಲಸ ಮಾಡುವ ಸಾಮಾನುಗಳು. ಬಂಡಿ ನಡೆದು ಕೆಲಸ ಮಾಡುವಂಥದು. ತೂಗುಕುರ್ಚಿಯಾದರೋ ನಿಂತಲ್ಲೇ ನಿಂತು ಚಲಿಸಬೇಕು. ಭಾರವನ್ನೂ ಹೊರಬೇಕು, ಹೊತ್ತ ಭಾರವನ್ನು ತೂಗಲೂ ಬೇಕು. ಮನೆಯ ಸಾಮಾನುಗಳಲ್ಲಿ ಬಡಿಗನ ಬುದ್ಧಿಯನ್ನು ಇದರಷ್ಟು ಕೆಣಕುವುದು ಅಪರೂಪ.

ಇತ್ತೀಚೆಗೆ ದೊಡ್ಡ ಊರುಗಳಲ್ಲಿ ನೌಕರಿಯಿಂದ ನಿವೃತ್ತರಾದ ಕೆಲವರು ಮನೆಯ ಒಂದು ಕೋಣೆಯನ್ನು ಮರಗೆಲಸಕ್ಕೆ ಮೀಸಲಿಟ್ಟು ಇಂಥ ಕುರ್ಚಿಯನ್ನು ತಾವೇ ಮಾಡುವ ಹವ್ಯಾಸ ಬೆಳೆಸಿಕೊಂಡಿದ್ದಾರೆ. ಮನೆಯಲ್ಲೊಂದು ಕಾರ್ಯಾಗಾರವಿರುವುದು ಅವರಿಗೆ ಹೊಸ ಸಂಗತಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಅದು ತೀರ ಹಳೆಯದು. ಅಲ್ಲಿ ಬಡಿಗೇರರ ಮನೆಗೂ ಕೆಲಸದ ಜಾಗಕ್ಕೂ ನಡುವೆ ಗೋಡೆ ಇರಲಿಲ್ಲ. ಮನೆಯ ಮುಂದಿನ ಬೇವಿನ ನೆರಳೇ ಅವರ ಕಾರ್ಯಾಗಾರ. ಮುಂಗಾರಿಗೆ ಮೊದಲು ಕೂರಿಗೆ, ಕುಂಟೆಗಳು ಅಲ್ಲಿಗೆ ಬರುತ್ತಿದ್ದವು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೊರಡುವ ಬಂಡಿಯ ಗಾಲಿ ಅಲ್ಲಿಯೇ ಸರಿಯಾಗಬೇಕಿತ್ತು. ಬಾಣಂತಿಯ ಮನೆಗೆ ತೊಟ್ಟಿಲು, ಮುದುಕರಿಗೆ ಹೊರಸು ಅಲ್ಲಿಂದಲೇ ಹೋಗುತ್ತಿದ್ದವು. ಈ ಪಟ್ಟಿಯಲ್ಲಿ ತೂಗುಕುರ್ಚಿ ಇಲ್ಲ. ಅದು ಈ ನೆಲಕ್ಕೆ ಹೊರಗಿನಿಂದ ಬಂದದ್ದು. ಆದರೂ ಅದನ್ನು ಮಾಡಲು ಬೇಕಾದ ತಿಳಿವೆಲ್ಲ ಬೇರೆಬೇರೆ ವಸ್ತುಗಳಲ್ಲಿ ಹಂಚಿಕೊಂಡು ಆ ಬೇವಿನ ನೆರಳಿನಲ್ಲಿಯೇ ಇತ್ತು ಎಂಬುದನ್ನು ಮುಂದೆ ಕಾಣಬಹುದು.

ಮೊದಲು ಹೆಸರನ್ನೇ ನೋಡೋಣ. ತೂಗುಕುರ್ಚಿ ಎಂಬ ಮಾತು ಸರಿಯಲ್ಲವೆಂದು ಭಾಷೆಯ ಶುದ್ಧಿಯನ್ನು ಬಯಸುವವರು ಆಕ್ಷೇಪಿಸಬಹುದು. ತೊಟ್ಟಿಲು ತೂಗುತ್ತದೆ, ಏಕೆಂದರೆ ಅದು ಜಂತಿಯಿಂದ ತೂಗುಬಿದ್ದಿದೆ; ತೂಗುಮಂಚವೂ ಹಾಗೆಯೇ. ಈ ಕುರ್ಚಿ ಎಲ್ಲಿಂದಲೂ ತೂಗುಬಿದ್ದಿಲ್ಲ. ನೆಲದ ಮೇಲೆ ಉರುಳುತ್ತದೆ, ಅಷ್ಟೆ. ಹಾಗಾದರೆ ಇದನ್ನು ಹೊರಳುಕುರ್ಚಿ ಎನ್ನಬೇಕಲ್ಲವೆ? ನಿಘಂಟಿನ ದೃಷ್ಟಿಯಿಂದ ಈ ವಾದ ಗಟ್ಟಿಯಾಗಿಯೇ ಕಾಣುತ್ತದೆ. ಬಡಿಗನ ದೃಷ್ಟಿಯಿಂದ ನೋಡಿದಾಗ ಮಾತ್ರ ಅದು ನಿಲ್ಲುವುದಿಲ್ಲ.

ಕುರ್ಚಿಯ ಕಾಲುಗಳ ಕೆಳಗೆ ಎರಡು ಬಾಗಿದ ಮರಗಳಿರುತ್ತವೆ. ಇವನ್ನು ಬಾಗುಮರ ಎನ್ನೋಣ. ಈ ಬಾಗನ್ನು ಗುರುತಿಸಲು ಒಂದು ಮೊಳೆ, ಒಂದು ದಾರ ಸಾಕು. ನೆಲದ ಮೇಲೆ ಮೊಳೆ ನೆಟ್ಟು ಸುಮಾರು 40 ರಿಂದ 45 ಇಂಚು ಉದ್ದದ ದಾರ ಹಿಡಿದು ಸುಣ್ಣದಿಂದ ಗೆರೆ ಎಳೆದರೆ ಬಾಗುಮರದ ಆಕಾರ ಸಿಕ್ಕಿತು. ಈಗ ಆ ಮೊಳೆಯ ಜಾಗ ಸಿದ್ಧವಾದ ಕುರ್ಚಿಯಲ್ಲಿ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಬೇಕು. ನೆಲದಿಂದ ಮೂರೂವರೆ ಅಡಿ ಮೇಲೆ, ಕೂತವರ ಕೊರಳಿನ ಸುಮಾರಿಗೆ ಬರುತ್ತದೆ. ಕೂತವರ ಮೈಭಾರದ ಕೇಂದ್ರವಾದರೋ ಹೊಟ್ಟೆಯ ಸುಮಾರಿಗೆ, ಅದಕ್ಕಿಂತ ಕೆಳಗೆ ಇರುತ್ತದೆ. ಭಾರದ ಕೇಂದ್ರ ಬಾಗಿನ ಕೇಂದ್ರಕ್ಕಿಂತ ಕೆಳಗಿರುವವರೆಗೆ ಕುರ್ಚಿ ಎಷ್ಟೇ ಒರಗಿದರೂ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ದಾರ ತೀರ ಗಿಡ್ಡವಾಗಿ ಬಾಗು ಹೆಚ್ಚಾದರೆ ಕೂತವರು ಹಿಂದಕ್ಕೆ ಬಿದ್ದಂತಾಗುತ್ತದೆ. ದಾರ ಬಹಳ ಉದ್ದವಾಗಿ ಬಾಗು ಕಡಿಮೆಯಾದರೆ ಕುರ್ಚಿ ಮೊಂಡು ಎತ್ತಿನಂತೆ ಅಲುಗದೆ ನಿಲ್ಲುತ್ತದೆ.

ಇದರ ಅರ್ಥವೇನು? ಕೂತವರ ಭಾರ ಕಣ್ಣಿಗೆ ಕಾಣದ ಒಂದು ಗೂಟದಿಂದ ತೂಗುಬಿದ್ದಂತೆಯೇ ಆಚೀಚೆ ಆಡುತ್ತದೆ. ಜಂತಿಯಿಲ್ಲದ ತೊಟ್ಟಿಲು ಇದು. ತೂಗುಕುರ್ಚಿ ಎಂಬ ಹೆಸರು ಮೇಲುನೋಟಕ್ಕೆ ತಪ್ಪಾಗಿ ಕಂಡರೂ ಒಳಗಿನಿಂದ ಸರಿಯಾದದ್ದು. ಆ ಹೆಸರನ್ನು ಮೊದಲು ಆಡಿದವರಿಗೆ ಈ ಲೆಕ್ಕ ಗೊತ್ತಿತ್ತೆಂದು ಹೇಳಬೇಕಾಗಿಲ್ಲ. ತೊಟ್ಟಿಲು ತೂಗಿದ ಕೈಗೆ ಆ ಚಲನೆಯ ಗುರುತು ಸಿಕ್ಕಿತ್ತು, ಅಷ್ಟು ಸಾಕು. ಮಾತಿನ ಔಚಿತ್ಯವನ್ನು ನಿಘಂಟಿನಿಂದ ಮಾತ್ರ ಅಳೆಯುವ ವಿಮರ್ಶೆಗೆ ಇಲ್ಲೊಂದು ಪಾಠವಿದೆ.

ಇನ್ನು ಮರದ ಮಾತು. ನೇರವಾದ ಹಲಗೆಯಿಂದ ಬಾಗುಮರವನ್ನು ಕೊಯ್ದು ತೆಗೆಯಬಹುದು. ನೋಡುವವರಿಗೆ ಯಾವ ವ್ಯತ್ಯಾಸವೂ ತಿಳಿಯದು. ಆದರೆ ಮರಕ್ಕೆ ಎಳೆ ಎಂಬುದಿದೆ. ಹಲಗೆಯ ಎಳೆ ನೇರವಾಗಿ ಹೋಗುತ್ತದೆ, ಕೊಯ್ದ ಗೆರೆ ಬಾಗಿ ಹೋಗುತ್ತದೆ. ತುದಿಗಳಲ್ಲಿ ಎಳೆ ತುಂಡಾಗಿ, ಭಾರ ಬಿದ್ದ ಒಂದು ದಿನ ಅಲ್ಲಿಯೇ ಸೀಳುತ್ತದೆ. ಇದಕ್ಕೆ ಮೂರು ಉಪಾಯಗಳಿವೆ. ಮರವನ್ನು ಹಬೆಯಲ್ಲಿಟ್ಟು ಮೆತ್ತಗಾದಾಗ ಬಾಗಿಸುವುದು ಒಂದು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ ಹಬೆ ಬೇಕೆಂಬುದು ಕೆಲಸಗಾರರ ಲೆಕ್ಕ. ತೆಳುವಾದ ಪಟ್ಟಿಗಳನ್ನು ಅಚ್ಚಿನ ಮೇಲೆ ಬಾಗಿಸಿ ಒಂದಕ್ಕೊಂದು ಅಂಟಿಸುವುದು ಇನ್ನೊಂದು. ಹುಟ್ಟಿನಿಂದಲೇ ಬಾಗಿ ಬೆಳೆದ ಕೊಂಬೆಯನ್ನು ಹುಡುಕಿ ತರುವುದು ಮೂರನೆಯದು. ಈ ಮೂರನೆಯ ದಾರಿ ನಮ್ಮ ಬಡಿಗರಿಗೆ ಹೊಸದಲ್ಲ. ಎರೆಯ ಸೀಮೆಯಲ್ಲಿ ಸಾಗವಾನಿ ದುಬಾರಿಯ ಮರ. ಕೈಗೆ ಸಿಗುತ್ತಿದ್ದುದು ಹೊಲದ ಬದುವಿನ ಕರಿಜಾಲಿ ಮತ್ತು ಬೇವು. ನೇಗಿಲಿಗೆ, ಗಾಲಿಯ ಸುತ್ತಿನ ತುಂಡುಗಳಿಗೆ ಬಾಗಿದ ಜಾಲಿಯನ್ನು ಆರಿಸುತ್ತಿದ್ದವನು ಎಳೆಯ ಮರ್ಮವನ್ನು ಅರಿತವನೇ ಸರಿ. ಗಾಲಿಯ ಬಾಗೂ ತೊಟ್ಟಿಲ ತೂಗೂ ಕೂಡಿದರೆ ತೂಗುಕುರ್ಚಿಯಾಯಿತು.

ಕೂತುಕೊಳ್ಳುವ ಜಾಗಕ್ಕೆ ಹಲಗೆ ಹಾಕಬಹುದು. ಹೊರಸಿಗೆ ಹೆಣೆಯುವಂತೆ ಹಗ್ಗದಿಂದ ಹೆಣೆದರೆ ಮೈಗೂ ಹಿತ, ಬೇಸಗೆಗೆ ಗಾಳಿಯೂ ಆಡುತ್ತದೆ. ಹಗ್ಗದ ಗುಟ್ಟು ಸ್ವಾರಸ್ಯವಾದುದು. ಒಂದೊಂದು ಎಳೆಯನ್ನು ಒಂದು ಕಡೆಗೆ ಹುರಿ ಮಾಡಿ, ಎರಡು ಎಳೆಗಳನ್ನು ಕೂಡಿಸುವಾಗ ಅದಕ್ಕೆ ಎದುರಾದ ಕಡೆಗೆ ಹೊಸೆಯುತ್ತಾರೆ. ಪ್ರತಿಯೊಂದು ಎಳೆಯೂ ಬಿಚ್ಚಿಕೊಳ್ಳಬೇಕೆಂದು ಹವಣಿಸುತ್ತದೆ. ಬಿಚ್ಚಿಕೊಳ್ಳಲು ಹೋದರೆ ಜೊತೆಯ ಎಳೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹಗ್ಗದ ಬಿಗಿ ಎಂದರೆ ಹೊರಗಿನಿಂದ ಯಾರೋ ಕಟ್ಟಿದ್ದಲ್ಲ. ಎರಡು ವಿರುದ್ಧ ಹವಣಿಕೆಗಳು ಒಂದನ್ನೊಂದು ಹಿಡಿದು ನಿಂತ ಸ್ಥಿತಿ. ನಾಟಕದ ಕಟ್ಟು ಬಿಗಿಯಾಗಿದೆ ಎಂದು ಬರೆಯುವಾಗ ನಾವು ಹೇಳಬೇಕಾದದ್ದೂ ಇದನ್ನೇ ಅಲ್ಲವೆ? ದೃಶ್ಯಗಳ ಸಂಖ್ಯೆ ಕಡಿಮೆ ಇದ್ದ ಮಾತ್ರಕ್ಕೆ ನಾಟಕ ಬಿಗಿಯಾಗದು. ಪಾತ್ರಗಳ ಎದುರುಬದುರು ಸೆಳೆತಗಳು ಒಂದನ್ನೊಂದು ಕಳಚಗೊಡದೆ ಹಿಡಿದಾಗ ಅದು ಬಿಗಿಯಾಗುತ್ತದೆ. ಹಗ್ಗ ಹೊಸೆಯುವವನ ಮಾತಿನಲ್ಲಿ ಇಷ್ಟು ಅರ್ಥವಿತ್ತು. ನಮ್ಮ ಬರವಣಿಗೆಯಲ್ಲಿ ಅದು ಮೆಚ್ಚುಗೆಯ ಒಂದು ವಿಶೇಷಣವಾಗಿ ಸವೆದುಹೋಗಿದೆ.

ಈ ಕುರ್ಚಿಯ ಕಸುಬುಗಳು ನೇರವಾಗಿ ವಚನಸಾಹಿತ್ಯದ ಬಾಗಿಲಿಗೆ ಕರೆದೊಯ್ಯುತ್ತವೆ. 12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಬಡಿಗ. ಅವನ ಕೈಯ ಬಾಚಿಯೇ ಅವನ ಹೆಸರಿನ ಮುಂದೆ ಸೇರಿತು. ಅವನ ಹೆಂಡತಿ ಕಾಳವ್ವೆಯೂ ವಚನಕಾರ್ತಿ. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದವನು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಕಾಯಕವನ್ನು ಬಿಡದ ಅವನ ಕಥೆ ಶೂನ್ಯಸಂಪಾದನೆಯ ಮೂಲಕ ಎಲ್ಲರಿಗೂ ತಿಳಿದಿದೆ. ಬಾಚಿಯವನ ಚೌಕಟ್ಟು, ನುಲಿಯವನ ಹೆಣಿಕೆ ಎರಡೂ ಕೂಡದೆ ನಮ್ಮ ಕುರ್ಚಿ ಆಗದು. ಹತ್ತಿರದ ಜೇವರ್ಗಿಯಲ್ಲಿಯೇ 17ನೆಯ ಶತಮಾನದ ಷಣ್ಮುಖಸ್ವಾಮಿ ಅಖಂಡೇಶ್ವರ ಅಂಕಿತದಲ್ಲಿ ವಚನದ ಧಾರೆಯನ್ನು ಮುಂದುವರಿಸಿದನು. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನ ತತ್ತ್ವಪದಗಳನ್ನು ಈ ಸೀಮೆಯ ದುಡಿಯುವ ಜನ ಇಂದಿಗೂ ಏಕತಾರಿ ಹಿಡಿದು ಹಾಡುತ್ತಾರೆ. ಕೈಕೆಲಸದ ಜನರಿಗೂ ಅನುಭಾವದ ಮಾತಿಗೂ ಇಷ್ಟು ಹತ್ತಿರದ ನಂಟು ಇರುವ ನೆಲದಲ್ಲಿ, ಕೈಕೆಲಸದ ಅರಿವಿಲ್ಲದ ವ್ಯಾಖ್ಯಾನ ನಡೆಯುತ್ತಿರುವುದು ವಿಚಿತ್ರವಾಗಿದೆ.

ಒಂದು ಉದಾಹರಣೆ ಸಾಕು. ಉಳ್ಳವರು ಕಟ್ಟಿಸುವ ಶಿವಾಲಯಕ್ಕೆ ಎದುರಾಗಿ ತಮ್ಮ ಮೈಯನ್ನೇ ದೇವಾಲಯವಾಗಿ ನಿಲ್ಲಿಸಿದ ಬಸವಣ್ಣನವರ ವಚನ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದಕ್ಕೆ ನಾವು ಕೊಡುವ ವಿವರಣೆಯೂ ಬಾಯಿಪಾಠವೇ: ಕಾಲಿಗೆ ಕಂಬ ಸಮ, ತಲೆಗೆ ಕಳಸ ಸಮ, ಸ್ಥಾವರಕ್ಕಿಂತ ಜಂಗಮ ಮೇಲು, ಬಡವನ ಭಕ್ತಿ ದೊಡ್ಡದು. ಇದರಲ್ಲಿ ಸುಳ್ಳಿಲ್ಲ. ಆದರೆ ಇದೇ ವಚನವನ್ನು ತೂಗುಕುರ್ಚಿ ಮಾಡಿದ ಬಡಿಗನ ಮುಂದಿಟ್ಟರೆ ಅವನು ಮೊದಲು ಕೇಳುವ ಪ್ರಶ್ನೆ ಬೇರೆ. ಕಂಬದ ಧರ್ಮ ಕದಲದಿರುವುದು. ಕದಲದೆ ಇರುವುದರಿಂದಲೇ ಅದು ಕಂಬ. ನಡೆಯುವ ಕಾಲನ್ನು ಕಂಬವೆಂದರೆ ಮಾಡು ನಿಲ್ಲುವುದು ಹೇಗೆ?

ಈ ಪ್ರಶ್ನೆ ತುಂಟತನದ್ದಲ್ಲ. ತೂಗುಕುರ್ಚಿಯಲ್ಲಿ ಅವನಿಗೆ ಎದುರಾದ ತೊಡಕು ಇದೇ. ಸಾಮಾನ್ಯ ಕುರ್ಚಿಯ ಕಾಲು ತನ್ನ ಪಾಲಿನ ಭಾರವನ್ನು ಸುಮ್ಮನೆ ನೆಲಕ್ಕೆ ಇಳಿಸುತ್ತದೆ. ತೂಗುಕುರ್ಚಿಯ ಕಾಲಿಗೆ ಆ ನೆಮ್ಮದಿ ಇಲ್ಲ. ಒಂದು ಕ್ಷಣ ಭಾರವೆಲ್ಲ ಹಿಂದಿನ ಕಾಲಿಗೆ, ಮರುಕ್ಷಣ ಮುಂದಿನ ಕಾಲಿಗೆ. ಕೂಡಿಕೆಗಳು ದಿನಕ್ಕೆ ನೂರಾರು ಸಲ ಆಚೀಚೆ ಜಗ್ಗುತ್ತವೆ. ಬರಿಯ ಮೊಳೆ ಹೊಡೆದ ಕೂಡಿಕೆ ಕೆಲವು ತಿಂಗಳಲ್ಲಿ ಸಡಿಲುತ್ತದೆ. ಒಂದು ಮರದ ತುದಿಯನ್ನು ನಾಲಗೆಯಂತೆ ಕೊರೆದು, ಇನ್ನೊಂದರಲ್ಲಿ ಉಳಿಯಿಂದ ತೋಡಿದ ತೂತಿಗೆ ಅದನ್ನು ಕೊಡತಿಯಿಂದ ಬಡಿದು ಕೂಡಿಸಿ, ಅಡ್ಡಲಾಗಿ ಮರದ ಕೀಲು ಜಡಿದರೆ ಮಾತ್ರ ತಾಳುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮರ ಅಡ್ಡಕ್ಕೆ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಅದಕ್ಕಾಗಿ ನಾಲಗೆಯ ಮರ ಚೆನ್ನಾಗಿ ಒಣಗಿರಬೇಕು, ಅದನ್ನು ಹಿಡಿಯುವ ಕಾಲಿನ ಮರದಲ್ಲಿ ತುಸು ಹಸಿ ಉಳಿದಿರಬೇಕು. ಕಾಲಿನ ಮರ ಮುಂದೆ ಒಣಗಿ ಕುಗ್ಗುತ್ತ ನಾಲಗೆಯನ್ನು ಇನ್ನಷ್ಟು ಅಪ್ಪಿ ಹಿಡಿಯುತ್ತದೆ. ಚಲಿಸುವ ವಸ್ತು ಬಾಳಬೇಕಾದರೆ ಅದರ ಕೂಡಿಕೆ ನಿಂತ ವಸ್ತುವಿನ ಕೂಡಿಕೆಗಿಂತ ಎಷ್ಟೋ ಪಾಲು ಸತ್ಯವಾಗಿರಬೇಕು ಎಂಬುದು ಬಡಿಗ ಕಲಿತ ಪಾಠ.

ಈಗ ಮತ್ತೆ ವಚನಕ್ಕೆ ಹೋದರೆ ಅದರ ಸಾಹಸ ಕಾಣತೊಡಗುತ್ತದೆ. ಬಸವಣ್ಣನವರು ಕಲ್ಲಿನ ಗುಡಿಯ ಬದಲಿಗೆ ಸುಲಭವಾದದ್ದನ್ನು, ಬಡವನಿಗೆ ಎಟುಕುವ ಅಗ್ಗದ್ದನ್ನು ಸೂಚಿಸಲಿಲ್ಲ. ಎಲ್ಲಕ್ಕಿಂತ ಕಠಿಣವಾದ ಕಟ್ಟೋಣವನ್ನು ಸೂಚಿಸಿದರು. ಕಂಬಗಳು ನಡೆಯಬೇಕು, ಕಳಸ ಬೀಳಬಾರದು. ಕಲ್ಲಿನ ಗುಡಿಯನ್ನು ಒಂದು ಸಲ ಕಟ್ಟಿದರೆ ಮುಗಿಯಿತು; ಈ ಗುಡಿಯನ್ನು ಪ್ರತಿಯೊಂದು ಹೆಜ್ಜೆಯಲ್ಲಿಯೂ ಹೊಸದಾಗಿ ಸಮತೂಕಕ್ಕೆ ತರಬೇಕು. ಜಂಗಮಕ್ಕೆ ಅಳಿವಿಲ್ಲವೆಂಬ ನಂಬಿಕೆ ಇಲ್ಲಿ ಬರಿಯ ಸಮಾಧಾನದ ಮಾತಾಗಿ ಉಳಿಯುವುದಿಲ್ಲ. ಚಲಿಸುತ್ತ ಬಾಳುವುದರ ಹೊಣೆಯನ್ನು ಹೊತ್ತವನ ಮಾತಾಗುತ್ತದೆ. ವಚನವನ್ನು ಬಡವನ ಸಾಂತ್ವನವೆಂದು ಓದುವುದಕ್ಕೂ ಕಟ್ಟುವವನ ಪ್ರತಿಜ್ಞೆಯೆಂದು ಓದುವುದಕ್ಕೂ ಇರುವ ದೂರ ಸಣ್ಣದಲ್ಲ. ಕುರ್ಚಿಗೆ ಕಾಲು, ಕೈ, ಬೆನ್ನು ಎಂದು ಮೈಯ ಹೆಸರುಗಳನ್ನಿಟ್ಟ ಬಡಿಗನಿಗೆ ಮೈಗೆ ಕಟ್ಟಡದ ಹೆಸರುಗಳನ್ನಿಟ್ಟ ವಚನ ಬೇಗ ತಿಳಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೊರಗಿನ ಲೋಕದಲ್ಲಿ ಇಂಥ ಕುರ್ಚಿಗೆ ಎರಡು ಪ್ರಸಿದ್ಧ ದಾರಿಗಳಿವೆ. ವಿಯೆನ್ನಾದ ಮಿಖಾಯೆಲ್ ಥೋನೆಟ್ ಹಬೆಯಲ್ಲಿ ಬಾಗಿಸಿದ ಬೀಚ್ ಮರದಿಂದ 1860ರ ಸುಮಾರಿಗೆ ಬಳ್ಳಿಯಂತೆ ಸುರುಳಿಗೊಂಡ ತೂಗುಕುರ್ಚಿಯನ್ನು ಕಾರ್ಖಾನೆಯಲ್ಲಿ ತಯಾರಿಸಿದನು. ಇನ್ನೊಂದು ದಾರಿ ಅಮೆರಿಕದ ಶೇಕರ್ ಪಂಥದವರದು. ಇಂಗ್ಲೆಂಡಿನಲ್ಲಿ ಹುಟ್ಟಿ 1774ರಲ್ಲಿ ಅಮೆರಿಕಕ್ಕೆ ಹೋದ ಈ ಜನ ದುಡಿಮೆಯನ್ನು ಪೂಜೆಯೆಂದೇ ಬಗೆದವರು. ತಮ್ಮ ಪಂಥದ ಮುದುಕರಿಗಾಗಿ, ರೋಗಿಗಳಿಗಾಗಿ ತೂಗುಕುರ್ಚಿ ಮಾಡಿದರು. ಮುಂದೆ ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನನ್‌ನಲ್ಲಿ ಮಾಡಿದ ಕುರ್ಚಿಗಳನ್ನು ಮಕ್ಕಳ ಅಳತೆಯಿಂದ ಹಿಡಿದು 0 ರಿಂದ 7ರವರೆಗೆ ಅಂಕೆ ಹಾಕಿ ಹೊರಗಿನವರಿಗೂ ಮಾರಿದರು. ಅಲಂಕಾರ ಅವರಿಗೆ ನಿಷಿದ್ಧ; ಕೂಡಿಕೆಯ ಸತ್ಯವೇ ಅವರ ಚೆಲುವು. ನಮ್ಮ ಕಾಯಕತತ್ತ್ವವನ್ನು ಓದಿದವರಿಗೆ ಇದು ಪರಿಚಿತ ದನಿಯಾಗಿ ಕೇಳುತ್ತದೆ. ಶರಣರು ಸಂಸಾರಿಗಳು, ಅವರು ಬ್ರಹ್ಮಚಾರಿಗಳು. ಆ ವ್ಯತ್ಯಾಸ ದೊಡ್ಡದೇ. ನಮಗೆ ಬೇಕಾದ ಸಂಗತಿ ಬೇರೆ. ಆ ದೇಶದ ವಿದ್ವಾಂಸರು ಶೇಕರರ ನಂಬಿಕೆಯನ್ನು ವಿವರಿಸುವಾಗ ಅವರ ಕುರ್ಚಿಯನ್ನೂ ಮುಂದಿಟ್ಟುಕೊಂಡು ಓದುತ್ತಾರೆ. ನಾವಾದರೋ ಕಾಯಕವೆಂಬ ಮಾತನ್ನು ಸಭೆಗಳಲ್ಲಿ ಹೂಮಾಲೆಯಂತೆ ಬಳಸಿ ಬಾಚಿಯನ್ನು ಹೊರಗೆ ನಿಲ್ಲಿಸಿದ್ದೇವೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 15 ಸಮಗ್ರ ವಚನ ಸಂಪುಟಗಳು ಬಂದವು. ಕೆಲವೇ ವಚನಗಳು ಉಳಿದ ಕಾಯಕದ ಶರಣರಿಗೆಲ್ಲ ಅವುಗಳಲ್ಲಿನ ‘ಸಂಕೀರ್ಣ’ ಸಂಪುಟಗಳಲ್ಲಿ ಜಾಗ ಸಿಕ್ಕಿದೆ. ಅದು ಸಂಪಾದಕರ ಅನುಕೂಲದ ವಿಂಗಡಣೆ, ಅದರಲ್ಲಿ ಅನ್ಯಾಯವಿಲ್ಲ. ಅವರನ್ನು ನಮ್ಮ ವಿಮರ್ಶೆಯೂ ಸಂಕೀರ್ಣವೆಂದು ಬಗೆದು ಮುಂದೆ ಸಾಗಿದ್ದು ಮಾತ್ರ ನಮ್ಮ ಆಯ್ಕೆ.

ಇಷ್ಟಕ್ಕೆ ಎರಡು ಆಕ್ಷೇಪಗಳು ಏಳಬಹುದು. ವಿಮರ್ಶಕನಾಗಲು ಬಡಿಗನಾಗಬೇಕೆ ಎಂಬುದು ಮೊದಲನೆಯದು. ಬೇಕಿಲ್ಲ. ಊಟದ ರುಚಿ ಹೇಳುವವನು ಅಡಿಗೆಯವನೇ ಆಗಿರಬೇಕಾಗಿಲ್ಲ. ಆದರೆ ಹಸಿಹಿಟ್ಟಿಗೂ ಬೆಂದ ರೊಟ್ಟಿಗೂ ವ್ಯತ್ಯಾಸ ಗೊತ್ತಿರಬೇಕು. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹಳ್ಳಿಯ ಕಸುಬನ್ನು ಹೀಗೆ ಕೊಂಡಾಡುವುದು ಹಳೆಯ ಆಯಗಾರಿಕೆಯ ಕಷ್ಟವನ್ನು ಮರೆಸುವುದಿಲ್ಲವೆ? ಆನಂದ ಕುಮಾರಸ್ವಾಮಿಯವರು 1909ರಲ್ಲಿ ಭಾರತದ ಕಸುಬುದಾರನನ್ನು ಕುರಿತು ಬರೆದ ಪುಸ್ತಕ ಕಲೆಗೂ ಕಸುಬಿಗೂ ನಡುವಿನ ಗೋಡೆಯನ್ನು ಕೆಡವಿತು, ನಿಜ. ಆ ವ್ಯವಸ್ಥೆಯ ಚೆಲುವನ್ನು ಕಂಡಷ್ಟು ಅದರ ಭಾರವನ್ನು ಅದು ಕಾಣಲಿಲ್ಲವೆಂದೂ ಹೇಳಬೇಕಾಗುತ್ತದೆ. ಸುಗ್ಗಿಯಲ್ಲಿ ಒಕ್ಕಲಿಗನ ಕಣಕ್ಕೆ ಹೋಗಿ ಜೋಳ ಅಳೆಸಿಕೊಳ್ಳುವವರೆಗೆ ವರುಷವೆಲ್ಲ ದುಡಿದ ಬಡಿಗನಿಗೆ ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಮಳೆ ಹೋದ ವರುಷ ಅವನ ಪಾಲೂ ಹೋಗುತ್ತಿತ್ತು. ನಿವೃತ್ತ ಅಧಿಕಾರಿ ಬಿಡುವಿನ ಸಂತೋಷಕ್ಕೆ ಮಾಡುವ ಕುರ್ಚಿಗೂ ಇವನು ಹೊಟ್ಟೆಪಾಡಿಗೆ ಮಾಡಿದ ತೊಟ್ಟಿಲಿಗೂ ಈ ಅಂತರವಿದೆ; ಇಬ್ಬರ ಬಾಚಿಯೂ ಒಂದೇ ಎಂದು ಹೇಳಿದರೆ ಅದು ಅರ್ಧ ಸತ್ಯ.

ಹಾಗೆಂದು ವ್ಯವಸ್ಥೆಯ ಜೊತೆಗೆ ತಿಳಿವನ್ನೂ ಬಿಸಾಡಬೇಕೆಂಬುದು ನ್ಯಾಯವಲ್ಲ. ಟ್ರ್ಯಾಕ್ಟರು ಬಂದು ಬಂಡಿಯ, ಕೂರಿಗೆಯ ಕೆಲಸ ಕಡಿಮೆಯಾಯಿತು. ಕಬ್ಬಿಣದ ಮಂಚ, ಪ್ಲೈವುಡ್ಡಿನ ಕಪಾಟು ಬಂದು ಉಳಿದದ್ದೂ ಇಳಿಯಿತು. ಬಡಿಗರ ಮಕ್ಕಳು ಬೇರೆ ನೌಕರಿ ಹಿಡಿದರೆ ಅದು ಅವರ ಹಕ್ಕು; ಅವರನ್ನು ಬೇವಿನ ನೆರಳಿಗೆ ಮರಳಿ ಹೋಗಿರೆಂದು ಹೇಳಲು ಸಾಹಿತ್ಯದವರಿಗೆ ಅಧಿಕಾರವಿಲ್ಲ. ನಮ್ಮ ಅಧಿಕಾರದಲ್ಲಿರುವುದು ಮಾತು. ಅವರ ಹಿರಿಯರ ಬಾಯಲ್ಲಿ ಮರದ ಎಳೆಗೆ, ಕೂಡಿಕೆಗೆ, ಬಾಗಿಗೆ, ಉಳಿಯ ಒಂದೊಂದು ಬಗೆಗೆ ಇರುವ ಹೆಸರುಗಳು ಇನ್ನೂ ಪೂರ್ತಿ ಆರಿಲ್ಲ. ನೆರೆಯ ತೆಲುಗಿನವರು ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 1962ರಲ್ಲಿಯೇ ಒಕ್ಕಲುತನದ ಮಾತುಗಳ ವೃತ್ತಿಪದಕೋಶವನ್ನು ಹೊರತಂದರು. ಊರೂರಿಗೆ ಹೋಗಿ ಕೇಳಿ ಬರೆದುಕೊಂಡ ಕೆಲಸ ಅದು. ಆಳಂದದ, ಅಫಜಲಪುರದ, ಜೇವರ್ಗಿಯ ಕಾಲೇಜುಗಳಲ್ಲಿ ಕನ್ನಡ ಓದುವ ಹುಡುಗ ಹುಡುಗಿಯರಲ್ಲಿ ಬಡಿಗೇರರ, ಕಮ್ಮಾರರ, ನೇಕಾರರ ಮನೆಯವರಿದ್ದಾರೆ. ಬಾಚಿಕಾಯಕದ ಬಸವಯ್ಯನ ವಚನಕ್ಕೆ ಟಿಪ್ಪಣಿ ಬರೆಯುವ ಮೊದಲು ಅವರು ತಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಲಿ. ಬಾಚಿಯನ್ನು ಹೇಗೆ ಹಿಡಿಯುತ್ತಾರೆ, ಎಳೆಗೆ ಎದುರಾಗಿ ಹೊಡೆದರೆ ಏನಾಗುತ್ತದೆ ಎಂದು ಕೇಳಲಿ. ಟಿಪ್ಪಣಿ ತಾನಾಗಿ ಬದಲಾಗುತ್ತದೆ.

ತೂಗುಕುರ್ಚಿಗೆ ಒಬ್ಬ ವಿಮರ್ಶಕನಿದ್ದಾನೆ. ಅವನನ್ನು ಮೋಸಗೊಳಿಸಲು ಸಾಧ್ಯವಿಲ್ಲ. ಅದು ಕೂತವರ ಬೆನ್ನು. ಬಣ್ಣ, ಹೊಳಪು, ಮಾಡಿದವನ ಹೆಸರು ಯಾವುದಕ್ಕೂ ಅದು ಮರುಳಾಗದು. ಬಾಗು ತಪ್ಪಿದ್ದರೆ ಅರ್ಧ ಗಳಿಗೆಯಲ್ಲಿ ಹೇಳಿಬಿಡುತ್ತದೆ. ನಮ್ಮ ಸಾಹಿತ್ಯವಿಮರ್ಶೆಗೆ ಅಷ್ಟು ನಿಷ್ಠುರವಾದ, ಅಷ್ಟು ಪ್ರಾಮಾಣಿಕವಾದ ಒಂದು ಬೆನ್ನು ಬೇಕಾಗಿದೆ.